ಮುರಿದರೆ ಸದ್ದು ಬರಬೇಕು

ಬೊಮ್ಮಣ್ಣ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿದ. ಮುರಿಯಲಿಲ್ಲ. ನೆನೆದ ಗೋಣಿಚೀಲದ ಹಾಗೆ ಬಾಗಿತು. ಇನ್ನೊಮ್ಮೆ ಎಳೆದ, ಹಿಗ್ಗಿತು. ಮೂರನೆಯ ಸಲ ಎಳೆಯುವ ತಾಳ್ಮೆ ಅವನ ವಂಶದಲ್ಲೇ ಯಾರಿಗೂ ಇರಲಿಲ್ಲ. ಬೀಸಿ ಹಿತ್ತಲಿಗೆ ಎಸೆದ. ಅದು ಹೋಗಿ ದನದ ಕೊಟ್ಟಿಗೆಯ ಗೋಡೆಗೆ ಬಡಿದು ಅಲ್ಲೇ ಅಂಟಿಕೊಂಡಿತು.

"ಇನ್ನೊಂದೆರಡು ಮಾಡ್ರಿ," ಎಂದಳು ಹೆಂಡತಿ ದುರುಗಮ್ಮ, ಒಲೆಯ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತ. "ಗ್ವಾಡೆ ಮಣ್ಣು ಉದುರ್ತಾ ಐತೆ. ಮೆತ್ತಿದಂಗಾದ್ರೂ ಆಗ್ತೈತೆ."

"ಬಾಯಿ ಮುಚ್ಚು."

"ಮುಚ್ಚೀನಲ್ಲ. ಬೆಲ್ಲ ಹಾಕಿದ್ದೇ ತಪ್ಪಾತು ಅಂತ ಬೆಳಗಿಂದ ಬೈಸ್ಕಂಡು ಮುಚ್ಚೇ ಕುಂತೀನಿ."

ಬೆಲ್ಲ ಹಾಕಿದ್ದು ತಪ್ಪೇ. ಪಕ್ಕದ ಮನೆಯ ಎಮ್ಮೆ ಕರು ಹಾಕಿತ್ತು. ಗಿಣ್ಣದ ಹಾಲು ಕಾಯಿಸಿದರೆ ಗಟ್ಟಿಯಾಗುತ್ತದೆ, ಕೊಯ್ದರೆ ಹೋಳು ಬರುತ್ತದೆ, ಚೀಜಿನ ಬದಲು ಇದೇ ಆದೀತು ಎಂದು ಬೊಮ್ಮಣ್ಣ ಲೆಕ್ಕ ಹಾಕಿದ್ದ. ಹಾಲಿನ ತಂಬಿಗೆಯನ್ನು ಹೆಂಡತಿಯ ಕೈಗೆ ಕೊಟ್ಟು, ಗಿಣ್ಣ ಮಾಡಿಡು ಎಂದು ಹೇಳಿ ಹೊಳೆಗೆ ಹೋದ. ದುರುಗಮ್ಮ ಮಾಡಿಟ್ಟಳು. ತಾಯಿ ಕಲಿಸಿದ ಹಾಗೆ ಬೆಲ್ಲ ಕರಗಿಸಿ, ಏಲಕ್ಕಿ ಕುಟ್ಟಿ ಹಾಕಿ ಮಾಡಿಟ್ಟಳು. ಬೊಮ್ಮಣ್ಣ ಬಂದವನೇ ರುಚಿ ನೋಡದೆ ಅದನ್ನು ಟೊಮೇಟೊ, ಬೆಳ್ಳುಳ್ಳಿ, ಉಪ್ಪಿನ ಮೇಲೆ ಹರಡಿ ಬೆಂಕಿಗೆ ಇಟ್ಟ. ಬೆಲ್ಲ ಪಾಕವಾಗಿ ಹರಿದು ಹಿಟ್ಟನ್ನೆಲ್ಲ ನೆನೆಸಿ ಅಂಟು ಮಾಡಿತು.

"ಬೆಲ್ಲ ಇಲ್ದೆ ಗಿಣ್ಣ ಮಾಡ್ತಾರೇನ್ರಿ? ಯಾವ ಊರಾಗೆ?"

"ಇಟಲಿಯಾಗೆ."

"ಅಲ್ಲಿ ಎಮ್ಮೆ ಅದಾವೇನು?"

ಬೊಮ್ಮಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಸಿಟ್ಟು ಇನ್ನೂ ಏರಿತು. ಅಂಗಿ ಹೆಗಲಿಗೆ ಹಾಕಿಕೊಂಡು, ದಾವಣಗೆರೆಯ ಗಾಡಿ ಹಿಡಿಯಲು ಗುತ್ತೂರಿನಿಂದ ಹರಿಹರದ ಸ್ಟೇಷನ್ನಿಗೆ ದಡದಡ ನಡೆದ.

ಇಷ್ಟು ಒದ್ದಾಟಕ್ಕೆ ಕಾರಣ ಹಳೆಯದು. ದೊಡ್ಡ ಯುದ್ಧ ನಡೆಯುತ್ತಿದ್ದಾಗ, ಮದುವೆಯಾಗಿ ವರ್ಷ ತುಂಬುವ ಮೊದಲೇ, ಬೊಮ್ಮಣ್ಣ ಒಬ್ಬ ಗುತ್ತಿಗೆದಾರನ ಹಿಂದೆ ಬೆಂಗಳೂರಿಗೆ ಸೌದೆ ಒಡೆಯಲು ಹೋಗಿದ್ದ. ಜಾಲಹಳ್ಳಿಯ ಕಡೆ ಇಟಲಿಯ ಸೆರೆಯಾಳುಗಳ ಶಿಬಿರ. ಸೌದೆ ಹೊತ್ತು ಹಾಕಲು ಹೋದವನನ್ನು ಅಡುಗೆ ಮನೆಯವರು ಒಳಗೆ ಕರೆದು, ಯುದ್ಧ ಮುಗಿಯುವವರೆಗೂ ಕೈಯಾಳಾಗಿ ಇಟ್ಟುಕೊಂಡರು. ಅಲ್ಲಿ ಅಲ್ವಾರೊ ಎಂಬ ಕುಳ್ಳ ಮನುಷ್ಯ, ರೋಮ್ ಪಟ್ಟಣದಲ್ಲಿ ರೊಟ್ಟಿ ಸುಡುವವನಾಗಿದ್ದವನು, ಇಟ್ಟಿಗೆ ಮಣ್ಣು ಸೇರಿಸಿ ತಾನೇ ಒಂದು ಗೂಡೊಲೆ ಕಟ್ಟಿಕೊಂಡಿದ್ದ. ಖಾಲಿ ಬೀರ್ ಬಾಟಲಿಯಿಂದ ಹಿಟ್ಟು ಲಟ್ಟಿಸುತ್ತಿದ್ದ. ಹಪ್ಪಳದಷ್ಟು ತೆಳ್ಳಗೆ. ಮೇಲೆ ಟೊಮೇಟೊ, ಎಣ್ಣೆ, ಸಿಕ್ಕಿದ ದಿನ ಚೀಜು. ಬೆಂದು ಬಂದದ್ದನ್ನು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದ. ಚಟ್ ಎಂದು ಸದ್ದು ಬಂದರೆ ನಗುತ್ತಿದ್ದ, ಬಾರದಿದ್ದರೆ ಬೈಯುತ್ತಿದ್ದ. ಅದರ ಹೆಸರು ಪಿಜ್ಜಾ. ಬೊಮ್ಮಣ್ಣನ ಬಾಯಲ್ಲಿ ಪೀಜ.

ಅದೇ ಅಡುಗೆ ಮನೆಯಲ್ಲಿ ನೇಪಲ್ಸ್ ಊರಿನವನೊಬ್ಬನಿದ್ದ. ಅವನೂ ಪಿಜ್ಜಾ ಎಂದೇ ಮಾಡುತ್ತಿದ್ದ. ಅವನದು ಅಂಚು ದಪ್ಪ, ನಡುವೆ ಮೆತ್ತಗೆ. ಅಲ್ವಾರೊ ಅದನ್ನು ಎರಡು ಬೆರಳಿನಲ್ಲಿ ಎತ್ತಿ, ಇದು ಒದ್ದೆ ಕಂಬಳಿ ಎಂದು ಸನ್ನೆ ಮಾಡಿ ತೋರಿಸುತ್ತಿದ್ದ. ಒಂದು ಸಲ ಇಬ್ಬರೂ ಇದಕ್ಕಾಗಿ ಹೊಡೆದಾಡಿದರು. ಬಾಟಲಿ ಒಡೆಯಿತು. ಕಾವಲಿನವರು ಬಂದು ಬಿಡಿಸಬೇಕಾಯಿತು.

ಯುದ್ಧ ಮುಗಿದು ಊರಿಗೆ ಬಂದ ಬೊಮ್ಮಣ್ಣ, "ಸೆರೆಯಾಳುಗಳ ಜೊತೆ ಇದ್ದೆ" ಎಂದು ನಿಜವನ್ನೇ ಹೇಳಿದ. ಊರು ತನಗೆ ಬೇಕಾದ ಅರ್ಧವನ್ನು ಇಟ್ಟುಕೊಂಡಿತು. ಬೊಮ್ಮಣ್ಣ ಜೈಲಿನಲ್ಲಿದ್ದ, ಅದನ್ನು ಮುಚ್ಚಲು ಯಾವುದೋ ದೇಶದ ರೊಟ್ಟಿಯ ಕತೆ ಕಟ್ಟುತ್ತಾನೆ ಎಂದಿತು. ದುರುಗಮ್ಮನ ಅಣ್ಣ ಇದನ್ನು ಪಂಕ್ತಿಯಲ್ಲಿ ಕೂತು ಎಲ್ಲರೆದುರು ಆಡಿದ. ಅಂದಿನಿಂದ ಬೊಮ್ಮಣ್ಣ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಆದರೆ ಅವನನ್ನು ಸುಡುತ್ತಿದ್ದದ್ದು ಭಾವಮೈದನ ಮಾತಲ್ಲ. ದುರುಗಮ್ಮ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಇವನು ಅಲ್ವಾರೊನ ಮಾತು ತೆಗೆದರೆ ಸಾಕು, ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದಳು. ತೊಳೆಯಲು ಪಾತ್ರೆ ಇಲ್ಲದಿದ್ದರೂ ಎದ್ದು ಹೋಗುತ್ತಿದ್ದಳು.

ಈಗ ಮೈಸೂರು ರಾಜ್ಯ ಒಂದಾಗಿ ನಾಲ್ಕೈದು ವರ್ಷ. ಬೊಮ್ಮಣ್ಣ ದಾವಣಗೆರೆಯ ಒಂದು ಹತ್ತಿ ಗಿರಣಿಯ ಗೆಸ್ಟ್ ಹೌಸಿನಲ್ಲಿ ಅಡುಗೆಯವನು. ಅಲ್ಲಿಗೆ ಹೊಸ ನೂಲಿನ ಯಂತ್ರ ಬಂತು. ಯಂತ್ರದ ಜೊತೆ ಅದನ್ನು ಕೂರಿಸಲು ಇಟಲಿಯಿಂದ ಬತ್ತಿಸ್ತ ಎಂಬ ಮನುಷ್ಯ ಬಂದ. ಉದ್ದ, ತೆಳ್ಳಗೆ, ಬಿಳಿ ಹುಬ್ಬು. ಗಿರಣಿಯವರೆಲ್ಲ ಬತ್ತಿ ಸಾಹೇಬ ಎಂದರು. ಸಾಹೇಬ ಸಾರಿಗೆ ಕೈ ಹಾಕಿದರೆ ಬೆವರುತ್ತಿದ್ದ, ಪಲ್ಯ ನೋಡಿದರೆ ಕಣ್ಣೀರು ಹಾಕುತ್ತಿದ್ದ. ಬಾಳೆಹಣ್ಣು, ಬನ್ನು, ಚಹಾ. ದಿನದಿನಕ್ಕೆ ಪ್ಯಾಂಟು ಸಡಿಲವಾಗುತ್ತಿತ್ತು.

ಆಗ ಗಿರಣಿಯ ಹೆಡ್ ಗುಮಾಸ್ತ ಶಿವಮೂರ್ತಪ್ಪ ಗೆಸ್ಟ್ ಹೌಸಿನ ಜಗಲಿಯ ಮೇಲೆ, ಹತ್ತಾರು ಜನರ ಎದುರು, ಎಲೆಯಡಿಕೆ ಒಂದು ದವಡೆಗೆ ಸರಿಸಿ ಕೇಳಿದ.

"ಏನಪ್ಪ ಇಟಲಿ ಬೊಮ್ಮಣ್ಣ, ನಿನ್ನ ನೆಂಟ ಉಪಾಸ ಬಿದ್ದಾನಲ್ಲೋ. ಆ ರೊಟ್ಟಿ ಮಾಡಿ ಹಾಕ್ಬಾರ್ದಾ?"

"ಮಾಡ್ತೀನಿ ತಡೀರಿ."

"ಇಷ್ಟು ವರ್ಷ ತಡ್ದೀವಿ. ಈಗ ಸಾಕ್ಷಿನೇ ಊರಿಗೆ ಬಂದೈತೆ. ನೀನು ಮಾಡು, ಸಾಹೇಬ್ರು ತಿನ್ಲಿ. ಅವರು ಹೌದು ಅಂದ್ರೆ ನಾನೇ ನಿನಗೆ ಇಟಲಿ ಬೊಮ್ಮಣ್ಣೋರೆ ಅಂತೀನಿ. ಅಲ್ಲ ಅಂದ್ರೋ, ಇನ್ನು ಆ ಕತಿ ಬಿಚ್ಚಬ್ಯಾಡ. ಆತಾ?"

"ಆತು," ಎಂದ ಬೊಮ್ಮಣ್ಣ. ಬೇರೆ ಯಾರಾದರೂ ಆಗಿದ್ದರೆ ಒಂದು ಗಳಿಗೆ ಯೋಚನೆ ಮಾಡುತ್ತಿದ್ದರು.

ಒಪ್ಪಿಕೊಂಡ ಮೇಲೆ ಒಂದೊಂದೇ ವಿಘ್ನ. ಬೇಕರಿಯವನನ್ನು ಕಾಡಿ ಬೇಡಿ ಅವನ ಗೂಡೊಲೆಯಲ್ಲಿ ಇಡಿಸಿದ. ಆ ಕಾವು ಬನ್ನಿಗೆ ಸಾಕು, ಇದಕ್ಕೆ ಸಾಲದು. ಬೇಯುವ ಹೊತ್ತಿಗೆ ಒಣಗಿ ರಸ್ಕಾಯಿತು. "ಚಾಕ್ಕೆ ಅದ್ದಿ ತಿನ್ನಾಕೆ ಚಲೋ ಐತೆ ಬಿಡ್ರಿ," ಎಂದ ಬೇಕರಿಯವನು, ಸಮಾಧಾನ ಹೇಳಿದ ಹಾಗೆ. ಸಮಾಧಾನ ಹೇಳುವವರನ್ನು ಕಂಡರೆ ಬೊಮ್ಮಣ್ಣನಿಗೆ ಹೊಡೆಯುವಷ್ಟು ಸಿಟ್ಟು.

ಆಮೇಲೆ ಹಿಟ್ಟು. ಅಲ್ವಾರೊ ಹಿಂದಿನ ಹಿಟ್ಟಿನ ಒಂದು ಉಂಡೆ ಉಳಿಸಿ, ಅದನ್ನು ಹೊಸ ಹಿಟ್ಟಿಗೆ ಸೇರಿಸಿ, ಎರಡು ದಿನ ಮುಚ್ಚಿಡುತ್ತಿದ್ದ. ಬೊಮ್ಮಣ್ಣನೂ ಹಾಗೇ ಮುಚ್ಚಿಟ್ಟ. ಬೆಂಗಳೂರಿನ ತಂಪಿನಲ್ಲಿ ಎರಡು ದಿನ ಸುಮ್ಮನೆ ಮಲಗಿರುತ್ತಿದ್ದ ಹಿಟ್ಟು ಇಲ್ಲಿ ಚೈತ್ರದ ಸೆಕೆಗೆ ಮಧ್ಯಾಹ್ನದೊಳಗೆ ಉಕ್ಕಿ, ಗಡಿಗೆಯಿಂದ ಇಳಿದು, ಸಂಜೆಗೆ ಹುಳಿತು ನೀರು ನೀರಾಯಿತು. ಮನೆಯೆಲ್ಲ ಹೆಂಡದ ವಾಸನೆ. ಓಣಿಯವರು ಇಣುಕಿ ನೋಡಿದರು. ಜೈಲಿನ ಜೊತೆಗೆ ಈಗ ಹೆಂಡ ಇಳಿಸುವುದೂ ಸೇರಿತು.

ಕೊನೆಗೆ ಹೊಸ ಹಿಟ್ಟು ಕಲಸಿ ಗಡಿಗೆಯನ್ನು ಹೊಳೆಗೆ ಒಯ್ದ. ತುಂಗಭದ್ರೆ ಬೇಸಿಗೆಗೆ ಸೊರಗಿ ನಡುವೆ ಹರಿಯುತ್ತಿದ್ದಳು. ನೀರಿನ ಅಂಚಿನ ಹಸಿ ಉಸುಕು ತೋಡಿ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತ, ಒದ್ದೆ ಬಟ್ಟೆ ಸುತ್ತಿದ, ಕಲ್ಲು ಹೇರಿದ.

"ಏನು ಹೂಣಾಕೆ ಹತ್ತೀಯೋ ಬೊಮ್ಮಣ್ಣ?" ಬಟ್ಟೆ ಒಗೆಯುತ್ತಿದ್ದ ಯಲ್ಲಕ್ಕ ಕೂಗಿದಳು. "ಹಣದ ಗಂಟೇನೋ?"

"ನಿನ್ನ ನಾಲಿಗೆ ಕೊಡು, ಅದನ್ನೂ ಹೂಣ್ತೀನಿ."

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಆದರೆ ಹಿಟ್ಟು ನಿಂತಿತು. ಎರಡು ದಿನ ಕಳೆದು ತೆಗೆದಾಗ ಮಗುವಿನ ಕೆನ್ನೆಯ ಹಾಗೆ ನುಣ್ಣಗೆ, ಬೆರಳಿಟ್ಟರೆ ನಿಧಾನ ಮೇಲೇಳುವ ಹಾಗೆ ಇತ್ತು. ಬೊಮ್ಮಣ್ಣ ಆ ಗಡಿಗೆಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿದ.

ಇನ್ನು ಚೀಜು. ಬೆಲ್ಲದ ಗಿಣ್ಣದ ಆಟ ಮುಗಿದ ಮೇಲೆ ಉಳಿದದ್ದು ಒಂದೇ ದಾರಿ, ಹಾಲು ಒಡೆಸಿ ಹಿಂಡುವುದು. ದುರುಗಮ್ಮ ಒಲೆಗೆ ಅಡ್ಡ ನಿಂತಳು.

"ಬೆಲ್ಲ ಹಾಕಿದ್ದು ತಪ್ಪು ಅಂದ್ರಿ, ಬೈಸ್ಕಂಡೆ. ಹೆಂಡದ ವಾಸ್ನೆ ಬಂತು, ಸುಮ್ನಿದ್ದೆ. ಮನಿ ಒಲಿ ಮ್ಯಾಲೆ ಬೇಕಂತ ಹಾಲು ಒಡೆಸ್ತೀನಿ ಅಂದ್ರೆ ನಾನು ಬಿಡಂಗಿಲ್ಲ. ಹಾಲು ಒಡೆದ್ರೆ ಮನಿ ಒಡೀತೈತೆ."

"ಒಡೆದಿದ್ರೆ ಯಾವಾಗೋ ಒಡೀಬೇಕಿತ್ತು ಈ ಮನಿ!" ಎಂದು ಬೊಮ್ಮಣ್ಣ ಪಾತ್ರೆ ಎತ್ತಿಕೊಂಡು ಹೊಳೆದಂಡೆಗೆ ಹೋಗಿ ಮೂರು ಕಲ್ಲು ಹೂಡಿ ನಿಂಬೆಹಣ್ಣು ಹಿಂಡಿದ. ಒಡೆದ ಹಾಲನ್ನು ಪಂಚೆಯ ತುದಿಯಲ್ಲಿ ಕಟ್ಟಿ ಮೇಲೆ ಕಲ್ಲಿಟ್ಟ. ಅಲ್ವಾರೊನ ಚೀಜಿಗೂ ಇದಕ್ಕೂ ದೂರ. ಎಳೆ ಬರಲಿಲ್ಲ, ಪುಡಿಯಾಯಿತು. ಆದರೆ ಉಪ್ಪು ಬೆರೆಸಿದರೆ ಬಾಯಿಗೆ ಹತ್ತುತ್ತಿತ್ತು. ಅಲ್ವಾರೊ ಕೂಡ ಚೀಜು ಸಿಗದ ದಿನ ಬರೀ ಟೊಮೇಟೊದಲ್ಲೇ ಮುಗಿಸುತ್ತಿದ್ದ. ಮೇಲಿನದು ಏನಾದರೂ ಆಗಲಿ, ಕೆಳಗಿನದು ಮುರಿದರೆ ಸದ್ದು ಬರಬೇಕು, ಅಷ್ಟೆ.

ಸದ್ದು ಬರಲು ಬೆಂಕಿ ಬೇಕಿತ್ತು. ಆ ಬೆಂಕಿ ದಾವಣಗೆರೆಯಲ್ಲಿ ಒಂದೇ ಕಡೆ ಇತ್ತು, ಮಂಡಕ್ಕಿ ಭಟ್ಟಿಯಲ್ಲಿ. ಭತ್ತದ ಹೊಟ್ಟು ಸುರಿದು ಉರಿಸುವ ಒಲೆ, ಮೇಲೆ ಉಸುಕು ತುಂಬಿದ ದೊಡ್ಡ ಬಾಣಲೆ. ಆ ಉಸುಕಿಗೆ ಬಿದ್ದ ಅಕ್ಕಿ ಕಣ್ಣು ಮಿಟುಕಿಸುವುದರೊಳಗೆ ಅರಳಿ ಮಂಡಕ್ಕಿಯಾಗುತ್ತದೆ. ಗಿರಣಿಯ ಹಿಂದಿನ ಬೀದಿಯಲ್ಲಿ ಖತೀಜಾಬೀಯ ಭಟ್ಟಿ. ಬೊಮ್ಮಣ್ಣನಿಗೆ ವರ್ಷಗಳ ಪರಿಚಯ, ಜಗಳದ ಪರಿಚಯ.

"ನನ್ ಭಟ್ಟಿ ಮ್ಯಾಲೆ ರೊಟ್ಟಿ ಸುಡ್ತೀಯಾ?" ಖತೀಜಾಬೀ ಸೆರಗಿನಿಂದ ಮುಖ ಒರೆಸಿಕೊಂಡಳು. "ಅರೆ, ದಿಮಾಕ್ ಕೆಟ್ಟೈತೇನೋ? ಇದು ಮಂಡಕ್ಕಿ ಹುರಿಯೋ ಬೆಂಕಿ. ನಿನ್ ರೊಟ್ಟಿ ಬೂದಿ ಆಗ್ತೈತೆ."

"ಬೂದಿ ಆದ್ರೆ ನಾನೇ ಹಣೆಗೆ ಹಚ್ಕಂತೀನಿ. ಭಾನುವಾರ ಭಟ್ಟಿ ಖಾಲಿ ಇರ್ತೈತೆ. ಕೊಡ್ತೀಯೋ ಇಲ್ಲೋ ಹೇಳು."

"ಕೇಳೋ ರೀತಿ ನೋಡು! ಭಿಕ್ಷಾನೂ ಜಬರ್ದಸ್ತಿನಾಗೆ ಕೇಳ್ತಾನೆ." ಆದರೆ ಕೊಟ್ಟಳು. ಉಸುಕಿನ ಮೇಲೆ ಕಬ್ಬಿಣದ ತಗಡು ಹಾಸಿ, ಮೇಲೆ ಹಳೆಯ ಬಾಣಲೆ ಬೋರಲು ಮುಚ್ಚಿ ಅದರ ಬೆನ್ನಿಗೆ ಕೆಂಡ ಹರಡುವುದು ಎಂದು ಇಬ್ಬರೂ ಕೂಗಾಡಿ ತೀರ್ಮಾನ ಮಾಡಿದರು. ಕೂಗಾಡದೆ ಮಾತಾಡುವುದು ಇಬ್ಬರಿಗೂ ಬರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಹರಿಹರದ ಗಾಡಿ ಕಿಕ್ಕಿರಿದಿತ್ತು. ಬೊಮ್ಮಣ್ಣನ ಎರಡೂ ಕೈಯಲ್ಲಿ ಟೊಮೇಟೊ, ಎಣ್ಣೆ, ಲಟ್ಟಿಸುವ ಖಾಲಿ ಬಾಟಲಿ. ಹಿಟ್ಟಿನ ಗಡಿಗೆ ಹೊರಲು ದುರುಗಮ್ಮನೇ ಬರಬೇಕಾಯಿತು. ಹಸಿ ಉಸುಕು ತುಂಬಿದ ಬುಟ್ಟಿಯಲ್ಲಿ ಗಡಿಗೆ ಇಟ್ಟು, ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಸೀರೆಯೆಲ್ಲ ನೆನೆಯಿತು. ಯಾರೋ ಬುಟ್ಟಿಗೆ ಕಾಲು ತಾಗಿಸಿದಾಗ ಅದನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡಳು. ಬೊಮ್ಮಣ್ಣ ಅದನ್ನು ನೋಡಿ, ನೋಡದವನ ಹಾಗೆ ಕಿಟಕಿಯ ಕಡೆ ತಿರುಗಿದ.

ಭಟ್ಟಿಯ ಮುಂದೆ ಆಗಲೇ ಜನ ಸೇರಿದ್ದರು. ಶಿವಮೂರ್ತಪ್ಪ ಹೊಸ ಪಂಚೆ ಉಟ್ಟು, ಸಾಹೇಬನನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ನಿಂತಿದ್ದ. ಸಾಹೇಬನಿಗೆ ಅರೆಬರೆ ಇಂಗ್ಲಿಷ್ ಬರುತ್ತಿತ್ತು, ಗಿರಣಿಯಲ್ಲಿ ಅದನ್ನು ತಿಳಿದು ಕನ್ನಡದಲ್ಲಿ ಹೇಳುವವನು ಶಿವಮೂರ್ತಪ್ಪ ಒಬ್ಬನೇ. ತನ್ನ ಹಣೆಬರಹವನ್ನು ಓದುವ ಕೆಲಸ ಇವನ ಬಾಯಿಗೇ ಬೀಳಬೇಕೇ ಎಂದು ಬೊಮ್ಮಣ್ಣನಿಗೆ ಹೊಟ್ಟೆ ಉರಿಯಿತು.

ಮೊದಲನೆಯದು ತಗಡಿಗೆ ಹಿಡಿದು ಹೋಯಿತು. ಎರಡನೆಯದರ ಮೇಲೆ ಕೆಂಡ ಉದುರಿ ತೂತು ಬಿತ್ತು.

"ಇದು ಜರಡಿ ಆತು," ಎಂದ ಶಿವಮೂರ್ತಪ್ಪ. "ಹಿಟ್ಟು ಸೋಸಾಕೆ ಆಗ್ತೈತೆ."

ಜನ ನಕ್ಕರು. ಬೊಮ್ಮಣ್ಣ ತಿರುಗಿಯೂ ನೋಡಲಿಲ್ಲ. ಕುತ್ತಿಗೆಯ ನರ ಮಾತ್ರ ಎದ್ದು ನಿಂತಿತು. ಮೂರನೆಯ ಉಂಡೆ ತೆಗೆದುಕೊಂಡು ಬಾಟಲಿ ಉರುಳಿಸಿದ. ಹಲಗೆಯ ಗೆರೆ ಹಿಟ್ಟಿನೊಳಗಿಂದ ಕಾಣುವವರೆಗೆ ಉರುಳಿಸಿದ. ಟೊಮೇಟೊ ಸವರಿದ, ಒಡೆದ ಹಾಲಿನ ಪುಡಿ ಉದುರಿಸಿದ, ಎಣ್ಣೆ ಚಿಮುಕಿಸಿದ. ತಗಡಿನ ಮೇಲೆ ಜಾರಿಸಿದ. ಖತೀಜಾಬೀ ಬಾಣಲೆ ಮುಚ್ಚಿದಳು, ಹೊಟ್ಟು ಎರಚಿದಳು, ಬೆಂಕಿ ಬುಸ್ ಎಂದಿತು.

"ತೆಗಿ."

"ಇನ್ನೂ ಬೆಂದಿಲ್ಲೋ."

"ತೆಗಿ ಅಂದ್ನಲ್ಲ!"

ತೆಗೆದಳು. ಅಂಚು ಅಲ್ಲಲ್ಲಿ ಕಪ್ಪಾಗಿತ್ತು. ಮೇಲೆ ಟೊಮೇಟೊ ಕುದಿಯುತ್ತಿತ್ತು. ಬೊಮ್ಮಣ್ಣ ಬರಿಗೈಯಲ್ಲೇ ಎತ್ತಿದ. ಬೆರಳು ಸುಟ್ಟಿತು, ಬಿಡಲಿಲ್ಲ. ಕಿವಿಯ ಹತ್ತಿರ ಹಿಡಿದು ಮುರಿದ.

ಚಟ್.

ಆ ಸದ್ದು ಕೇಳಿ ಹದಿನೈದು ವರ್ಷ ಮೇಲಾಗಿತ್ತು. ಒಂದು ತುಂಡು ಬಾಯಿಗೆ ಹಾಕಿಕೊಂಡ. ಅದೇ. ಚೀಜು ಬೇರೆ, ಗೋಧಿ ಬೇರೆ, ಎಣ್ಣೆ ಶೇಂಗಾದ್ದು. ಆದರೂ ಹಲ್ಲಿನಡಿ ಪುಡಿಯಾಗುವ ರೀತಿ ಅದೇ, ಕಡೆಗೆ ನಾಲಿಗೆಯ ಮೇಲೆ ಉಳಿಯುವ ಸಣ್ಣ ಹುಳಿ ಅದೇ. ಉಳಿದದ್ದನ್ನು ಮುತ್ತುಗದ ಎಲೆಯ ಮೇಲಿಟ್ಟು ಸಾಹೇಬನ ಮುಂದೆ ಹಿಡಿದ.

ಸಾಹೇಬ ತಿಂದ. ತಲೆ ಆಡಿಸಿದ. ಇನ್ನೊಂದು ತುಂಡು ತಿಂದ. ಚೆನ್ನಾಗಿದೆ ಎಂದು ಕೈಸನ್ನೆ ಮಾಡಿದ. ಶಿವಮೂರ್ತಪ್ಪ ಬಗ್ಗಿ ಇಂಗ್ಲಿಷಿನಲ್ಲಿ ಏನೋ ಕೇಳಿದ. ಸಾಹೇಬ ಸ್ವಲ್ಪ ಹೊತ್ತು ಮಾತಾಡಿದ. ಮಾತಿನ ನಡುವೆ 'ನಾಪೋಲಿ' ಎಂಬುದು ಬೊಮ್ಮಣ್ಣನ ಕಿವಿಗೆ ಬಿತ್ತು, ನೇಪಲ್ಸಿಗೆ ಅಲ್ವಾರೊ ಹೇಳುತ್ತಿದ್ದ ಹೆಸರು ಅದೇ.

ಶಿವಮೂರ್ತಪ್ಪ ನೆಟ್ಟಗೆ ನಿಂತು ಗಂಟಲು ಸರಿಮಾಡಿಕೊಂಡ. "ಸಾಹೇಬ್ರು ಹೇಳ್ತಾರೆ, ರುಚಿ ಐತಂತೆ. ಆದ್ರೆ ಇವರ ಊರು ಬಡಗಲ ಕಡಿಗೆ, ಬೆಟ್ಟದ ತಳದಾಗೆ. ಅಲ್ಲಿ ಇದನ್ನ ಮಾಡೋದೇ ಇಲ್ವಂತೆ. ಅವರು ಉಣ್ಣೋದು ಮೆಕ್ಕೆಜೋಳದ ಹಿಟ್ಟು ತಿರುವಿದ್ದು."

"ಅಂದ್ರೆ ಮುದ್ದಿ," ಎಂದಳು ಗಡಿಗೆಯ ಪಕ್ಕ ಕೂತಿದ್ದ ದುರುಗಮ್ಮ. "ಮುದ್ದಿ ಉಣ್ಣೋ ಮನುಷ್ಯಗೆ ಇದನ್ನ ಯಾಕ ಮಾಡಿದ್ರಿ?"

"ಸುಮ್ನಿರೇ! ಪೀಜ ಹೌದೋ ಅಲ್ಲೋ ಕೇಳ್ರಿ ಗುಮಾಸ್ತರೆ!"

"ಕೇಳ್ದೆನಪ್ಪ. ಹಡಗು ಹತ್ತೋ ಮುಂದೆ ನೇಪಲ್ಸಿನಾಗೆ ಒಂದ್ಸಲ ತಿಂದಾರಂತೆ. ಅದು ಮೆತ್ತಗೆ, ಅಂಚು ದಪ್ಪ ಇತ್ತಂತೆ. ಇದು ಅದಲ್ಲಂತೆ." ಶಿವಮೂರ್ತಪ್ಪ ಜನರ ಕಡೆ ತಿರುಗಿ ಎರಡೂ ಕೈ ಚಾಚಿದ. "ಅದಲ್ಲಂತೆ. ಮುಗೀತಲ್ಲ."

ಭಟ್ಟಿಯ ಮುಂದೆ ನಗು ಎದ್ದಿತು. ಯಾರೋ ಹಿಂದಿನಿಂದ, "ಯಾವ ಜೈಲಿನ ರೊಟ್ಟಿಯೋ ಬೊಮ್ಮಣ್ಣ?" ಎಂದರು.

ಬೊಮ್ಮಣ್ಣನಿಗೆ ಹೇಳಬೇಕಾದದ್ದು ನೂರಿತ್ತು. ನೇಪಲ್ಸಿನದು ಬೇರೆ, ರೋಮಿನದು ಬೇರೆ. ದಾವಣಗೆರೆಯವನು ತಿನ್ನುವ ದೋಸೆ ಮಂಗಳೂರಿನವನಿಗೆ ದೋಸೆಯೇ ಅಲ್ಲದಿರಬಹುದು. ಹಾಗಂತ ಅದು ದೋಸೆ ಅಲ್ಲವೇ? ಆ ಒದ್ದೆ ಕಂಬಳಿಗಾಗಿ ಬಾಟಲಿ ಒಡೆದದ್ದನ್ನು ತಾನು ಈ ಕಣ್ಣಿನಿಂದ ನೋಡಿಲ್ಲವೇ? ಇದೆಲ್ಲವೂ ಒಟ್ಟಿಗೆ ಬಾಯಿಗೆ ನುಗ್ಗಿ ಒಂದೂ ಹೊರಗೆ ಬರಲಿಲ್ಲ. ಶಿವಮೂರ್ತಪ್ಪ ಎಲೆಯಿಂದ ಒಂದು ತುಂಡು ಎತ್ತಿ, ಎರಡು ಬೆರಳಿನಲ್ಲಿ ಹಿಡಿದು, ಮೂಸಿ, ಕೆಳಗೆ ಹಾಕಿದ.

ಅದನ್ನು ಕಂಡದ್ದೇ ಬೊಮ್ಮಣ್ಣನಿಗೆ ಕಣ್ಣು ಕತ್ತಲಾಯಿತು. ಬಾಟಲಿ ಎತ್ತಿ ನೆಲಕ್ಕೆ ಅಪ್ಪಳಿಸಿದ. ಬಾಯಿಂದ ಬಂದದ್ದು ಕನ್ನಡವಲ್ಲ.

"ಲಿ ಮೋರ್ತಾಚ್ಚಿ ತುವಾ!"

ಅಲ್ವಾರೊ ಕಾಲಿನ ಮೇಲೆ ಡಬ್ಬಿ ಬಿದ್ದಾಗ ಅನ್ನುತ್ತಿದ್ದದ್ದು ಅದು. ನೇಪಲ್ಸಿನವನ ತಲೆಗೆ ಬಾಟಲಿ ಬೀಸಿದಾಗ ಅಂದದ್ದು ಅದು. ಅದರ ಹಿಂದೆಯೇ ಇನ್ನೊಂದು ಬಂತು, ಇನ್ನೂ ಒಂದು ಬಂತು. ಬೊಮ್ಮಣ್ಣ ಬಲಗೈಯ ಬೆರಳೈದನ್ನೂ ಒಟ್ಟು ಹಿಡಿದು ಶಿವಮೂರ್ತಪ್ಪನ ಮೂಗಿನೆದುರು ಆಡಿಸುತ್ತ, ಎಳೆದು ರಾಗ ಕೊಟ್ಟು, ಅಡುಗೆ ಮನೆಯಲ್ಲಿ ಕೇಳಿದ್ದನ್ನೆಲ್ಲ ಸುರಿದ.

ಸಾಹೇಬನ ಕೈಯಲ್ಲಿದ್ದ ತುಂಡು ಬಿದ್ದು ಹೋಯಿತು. ಕಿವಿ ಕೆಂಪಾಯಿತು. ಆಮೇಲೆ ಎದೆ ಕುಲುಕಿತು. ಕುರ್ಚಿಯಲ್ಲಿ ಹಿಂದಕ್ಕೆ ಬಿದ್ದು, ಬಿಳಿ ಹುಬ್ಬು ಮೇಲೆ ಹೋಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. "ರೋಮಾ!" ಎಂದು ಬೊಮ್ಮಣ್ಣನನ್ನು ತೋರಿಸಿದ. "ರೋಮಾ! ರೋಮಾ!" ಎದ್ದು ಬಂದು ಅವನ ಬೆನ್ನು ಗುದ್ದಿದ. ಈ ಊರಿಗೆ ಬಂದ ಮೇಲೆ ಆ ಮನುಷ್ಯ ನಕ್ಕದ್ದನ್ನು ಯಾರೂ ನೋಡಿರಲಿಲ್ಲ.

"ಏನಂತೆ?" ಎಂದಳು ಖತೀಜಾಬೀ. ಶಿವಮೂರ್ತಪ್ಪ ಪಂಚೆಯ ಅಂಚು ಕೊಡವಿಕೊಂಡ. "ಏನಂತೆ ಕೇಳ್ರಿ ಗುಮಾಸ್ತರೆ. ಆಗ ಹೇಳಿದ್ರಲ್ಲ, ಈಗೂ ಹೇಳ್ರಿ. ಸಾಫ್ ಹೇಳ್ರಿ."

ಶಿವಮೂರ್ತಪ್ಪ ಕೇಳಿದ. ಸಾಹೇಬ ಕೈ ಬೀಸಿ ಬೀಸಿ ಹೇಳಿದ. ಕೇಳುತ್ತ ಕೇಳುತ್ತ ಶಿವಮೂರ್ತಪ್ಪನ ಮುಖ ಹರಳೆಣ್ಣೆ ಕುಡಿದವನ ಹಾಗಾಯಿತು.

"ಅದು... ಬೈಗಳಂತೆ."

"ಅದು ನಮಗೂ ಗೊತ್ತಾತು. ಯಾರಿಗೆ ಬೈದಿದ್ದು?"

"ನನ್ನ ಮನ್ಯಾಗೆ ಸತ್ತೋರಿಗೆ," ಎಂದ ಶಿವಮೂರ್ತಪ್ಪ. "ಎಲ್ಲಾರಿಗೂ. ರೋಮಿನಾಗೆ ಗಾಡಿ ಹೊಡೆಯೋರು, ರೊಟ್ಟಿ ಸುಡೋರು ಹಿಂಗೆ ಬೈತಾರಂತೆ. ಪುಸ್ತಕ ಓದಿದ್ರೆ ಬರಂಗಿಲ್ಲಂತೆ. ಅವರ ಜೊತಿಗೆ ವರ್ಷಗಟ್ಲೆ ಇದ್ದೋರಿಗೆ ಮಾತ್ರ ಈ ರಾಗ ಬರ್ತೈತಂತೆ."

ಎಲ್ಲರೂ ಒಟ್ಟಿಗೆ ಕೂಗಿದರು. ಇನ್ನೊಂದು ಸಲ ಹೇಳು ಬೊಮ್ಮಣ್ಣ! ಗುಮಾಸ್ತರಿಗೆ ಇನ್ನೊಂದು ಸಲ ಬೈಯಪ್ಪ! ಅದೇನು, ಮೋರ್ತಾ ಏನದು?

"ಪೀಜ ತಿನ್ರೋ," ಎಂದ ಬೊಮ್ಮಣ್ಣ. "ತಿಂದು ನೋಡ್ರೋ. ಇದು ರೋಮಿನದು. ಸದ್ದು ಬರ್ತೈತೆ, ಕೇಳ್ರಿ."

ಯಾರಿಗೂ ಬೇಕಿರಲಿಲ್ಲ. ಬೈಗಳು ಬೇಕಿತ್ತು. ಗಿರಣಿಯವರು ಅದನ್ನು ಬಾಯಿಪಾಠ ಮಾಡುತ್ತ ಚದುರಿದರು. ಸಾಹೇಬ ಕೂಡ ಹೋಗುವಾಗ ಬೊಮ್ಮಣ್ಣನ ಕೈ ಕುಲುಕಿ, ಶಿವಮೂರ್ತಪ್ಪನ ಮೂಲಕ ಒಂದು ಮಾತು ಕೇಳಿಸಿದ, ಸಂಜೆ ಮೆಕ್ಕೆಜೋಳದ ಮುದ್ದೆ ಮಾಡಲಿಕ್ಕಾಗುತ್ತದೆಯೇ ಎಂದು. ಶಿವಮೂರ್ತಪ್ಪ ಅದನ್ನು ಹೇಳಿ, ನೆಲ ನೋಡುತ್ತ, "ಆತೇನ್ರಿ ಇಟಲಿ ಬೊಮ್ಮಣ್ಣೋರೆ," ಎಂದ. ಕೊಟ್ಟ ಮಾತು ಉಳಿಸಿಕೊಂಡ, ಅಷ್ಟರ ಮಟ್ಟಿಗೆ ಮನುಷ್ಯನೇ. ಬೊಮ್ಮಣ್ಣನಿಗೆ ಮಾತ್ರ ಅದು ಕಿವಿಗೆ ಬಿದ್ದರೂ ಹೊಟ್ಟೆಗೆ ಇಳಿಯಲಿಲ್ಲ. ಹಿಟ್ಟು ಹೂತು, ಹಾಲು ಒಡೆಸಿ, ಬೆರಳು ಸುಟ್ಟುಕೊಂಡು ಮಾಡಿದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಸಿಟ್ಟಿನಲ್ಲಿ ಉಗುಳಿದ್ದಕ್ಕೆ ಸಿಕ್ಕಿತು. ಇದು ಸರಿಯಾಗಿದೆ, ಇದೇ ಅದು ಎಂದು ಹೇಳಬಲ್ಲವನು ಭೂಮಿಯ ಮೇಲೆ ಒಬ್ಬನಿದ್ದ. ಅವನು ಇದ್ದಾನೋ ಸತ್ತನೋ, ಯಾವ ಬೀದಿಯಲ್ಲಿದ್ದಾನೋ ಯಾರಿಗೆ ಗೊತ್ತು.

ಖತೀಜಾಬೀ ಉಳಿದ ಹಿಟ್ಟಿನಲ್ಲಿ ಇನ್ನೆರಡು ಸುಟ್ಟಳು. ಒಂದನ್ನು ತಾನು ಇಟ್ಟುಕೊಂಡಳು. "ಖಾರ ಇಲ್ಲ ನೋಡು, ಅದೇ ಇದರ ರೋಗ," ಎಂದು ಹಸಿಮೆಣಸಿನಕಾಯಿ ಕಚ್ಚಿಕೊಂಡು ತಿಂದಳು. ಇನ್ನೊಂದನ್ನು ದುರುಗಮ್ಮ ಸೆರಗಿನಲ್ಲಿ ಕಟ್ಟಿಕೊಂಡಳು.

ಸಾಹೇಬನಿಗೆ ಮುದ್ದೆ ತಿರುವಿಟ್ಟು ಸಂಜೆಯ ಗಾಡಿ ಹತ್ತಿದರು. ಸಾಹೇಬ ಮುದ್ದೆಯನ್ನು ಬಟ್ಟಲು ನೆಕ್ಕುವಂತೆ ಉಂಡಿದ್ದ. ಬೊಮ್ಮಣ್ಣನಿಗೆ ಅದರ ಮೇಲೂ ಸಿಟ್ಟು. ಗಾಡಿ ಊರು ದಾಟಿತು. ಖಾಲಿ ಗಡಿಗೆ ದುರುಗಮ್ಮನ ಕಾಲ ಬಳಿ ಅಲುಗಾಡುತ್ತಿತ್ತು. ಅವಳು ಸೆರಗು ಬಿಚ್ಚಿ ರೊಟ್ಟಿ ತೆಗೆದಳು. ತಣ್ಣಗಾಗಿತ್ತು. ಒಂದು ಅಂಚು ಮುರಿದಳು. ಗಾಡಿಯ ಗದ್ದಲದಲ್ಲೂ ಸದ್ದು ಕೇಳಿತು. ತಿಂದಳು. ನಿಧಾನವಾಗಿ ಇನ್ನೊಂದು ತುಂಡು ತಿಂದಳು.

"ಉಪ್ಪು ಕಮ್ಮಿ ಆಗೈತೆ," ಎಂದಳು.

ಅವಳು ಮೂರನೆಯ ತುಂಡು ಮುರಿದು ಅವನ ಕೈಗಿಟ್ಟಳು.

"ಆ ಅಲ್ವಾರಣ್ಣಗೆ ಹೆಂಡ್ತಿ ಇದ್ಲು ಅಂದಿದ್ರಲ್ಲ. ಅವಳಿಗೆ ಕಾಗದ ಬರೆಸ್ತಿದ್ದ ಅಂತ. ಏನವಳ ಹೆಸರು?"

ಬೊಮ್ಮಣ್ಣ ತಿರುಗಿ ನೋಡಿದ. ಅವಳು ಎದ್ದು ಹೋಗಿರಲಿಲ್ಲ. ಓಡುವ ಗಾಡಿಯಲ್ಲಿ ಎದ್ದು ಹೋಗಲು ಜಾಗವಿರಲಿಲ್ಲ ಎಂದುಕೊಳ್ಳಬಹುದಿತ್ತು, ಆದರೆ ಅವಳು ಅವನ ಮುಖವನ್ನೇ ನೋಡುತ್ತ ಕಾದಿದ್ದಳು. ಇಷ್ಟು ವರ್ಷದಲ್ಲಿ ಅಲ್ವಾರೊನ ಬಗ್ಗೆ ಅವಳು ಕೇಳಿದ ಮೊದಲ ಪ್ರಶ್ನೆ.

ಹೇಳಲು ಬಾಯಿ ತೆರೆದ. ಹೆಸರು ಬರಲಿಲ್ಲ. ಸಣ್ಣ ಹೆಸರು. ಅಲ್ವಾರೊ ದಿನವೂ ಹೇಳುತ್ತಿದ್ದ, ಹಿಟ್ಟು ಮುಚ್ಚಿಡುವಾಗ ಗಡಿಗೆಯ ಬಾಯಿ ತಟ್ಟಿ ಹೇಳುತ್ತಿದ್ದ. ಬೈಗಳು ಒಂದೂ ಮರೆತಿಲ್ಲ, ಉಸಿರು ಕಟ್ಟದೆ ಹೇಳಬಲ್ಲ. ಈ ಒಂದು ಹೆಸರು ಎಲ್ಲಿ ಹೋಯಿತು?

"ತಡಿ," ಎಂದ ಬೊಮ್ಮಣ್ಣ. ಹಣೆಗೆ ಗುದ್ದಿಕೊಂಡ. "ತಡೀ ಸ್ವಲ್ಪ."

"ತಡೀತೀನಿ ಬಿಡ್ರಿ," ಎಂದಳು ದುರುಗಮ್ಮ.

ಹರಿಹರ ಬಂತು. ಇಬ್ಬರೂ ಇಳಿದರು. ಗುತ್ತೂರಿನ ದಾರಿಯುದ್ದಕ್ಕೂ ಬೊಮ್ಮಣ್ಣ ಮುಂದೆ ಮುಂದೆ ನಡೆಯುತ್ತ, ಸಿಕ್ಕ ಸಿಕ್ಕ ಕಲ್ಲನ್ನು ಒದೆಯುತ್ತ, ತನಗೆ ತಾನೇ ಬೈದುಕೊಳ್ಳುತ್ತ ಹೋದ. ಒಮ್ಮೆ ಕನ್ನಡದಲ್ಲಿ, ಒಮ್ಮೆ ಇನ್ನೊಂದರಲ್ಲಿ.